ಸೈಬರ್ ಕಳ್ಳನಿಗೆ ಮಂಗಳ ಹಾಡಿದ್ದು

ಗುಂಡ್ಲುಪೇಟೆಯ ಸೋಮೇಶನ ಬಟ್ಟೆ ಅಂಗಡಿಯ ಮಹಡಿಯಲ್ಲಿ ತಿಂಗಳ ಮೊದಲ ಭಾನುವಾರ ಓದುಗರು ಸೇರುತ್ತಿದ್ದರು. ಸರದಿ ಬಂದವರು ತಾವು ಮೆಚ್ಚಿದ ಪುಸ್ತಕದ ಬಗ್ಗೆ ಮಾತಾಡಿ ಅದನ್ನು ಮೇಜಿನ ಮೇಲಿಡಬೇಕು. ಟೀ ಮುಗಿಯುವಷ್ಟರಲ್ಲಿ ಯಾರಾದರೂ ಎತ್ತಿಕೊಂಡರೆ ಗೆದ್ದ ಹಾಗೆ. ಯಾರೂ ಮುಟ್ಟದಿದ್ದರೆ ತಂದವರೇ ಬಗಲಲ್ಲಿಟ್ಟುಕೊಂಡು ಮೆಟ್ಟಿಲಿಳಿಯಬೇಕು.

ಚಾಮರಾಜನಗರದ ಅಂಚೆ ಗುಮಾಸ್ತ ಗುರುಪಾದಸ್ವಾಮಿ ಮೂರು ವರ್ಷದಿಂದ ಬಸ್ಸು ಹತ್ತಿ ಬಂದು ಅಲ್ಲಿ ಮಾಡಿದ ಕೆಲಸ ಒಂದೇ: ‘ಹೂಂ’ ಅನ್ನುವುದು. ಅದು ಮನೆಯಿಂದ ಬಂದ ವಿದ್ಯೆ. ಹರವೆಯ ಮಠದ ಜಗಲಿಯಲ್ಲಿ ಅಪ್ಪ ಶಿವರುದ್ರಸ್ವಾಮಿ ಪುರಾಣ ಓದಿ ರಾಗವೆಳೆಯುವಾಗ ಕಂಬಕ್ಕೊರಗಿ ಹೂಂಗುಟ್ಟುವುದು ಇವನ ಪಾಲಿಗೆ ಬಿದ್ದಿತ್ತು. ಹೂಂ ನಿಂತರೆ ಪದ್ಯವೂ ನಿಲ್ಲುತ್ತಿತ್ತು. ಹೀಗೆ ಭಕ್ತಿ ಬಂತು, ಪದ್ಯದ ರುಚಿ ಬಂತು, ಮಾತು ಮಾತ್ರ ಬರಲಿಲ್ಲ. ಹೋದ ವರ್ಷ ಸರದಿ ಬಂದಾಗ ಪುಸ್ತಕದ ಹೆಸರು, ಎಷ್ಟು ಪುಟ ಅನ್ನುವುದನ್ನು ಹೇಳಿ ಕೂತುಬಿಟ್ಟಿದ್ದ. ಪುಸ್ತಕ ಅವನ ಜತೆಗೇ ಬಸ್ಸಲ್ಲಿ ವಾಪಸಾಗಿತ್ತು. ತೆರಕಣಾಂಬಿ ದಾಟುವವರೆಗೂ ಅವನು ಅದರ ಮುಖ ನೋಡಿರಲಿಲ್ಲ.

ಈ ಸಲ, ಅಂದರೆ ಎರಡು ಸಾವಿರದ ಆರರಲ್ಲಿ, ಹಾಗಾಗಕೂಡದು ಅಂತ ಹಟ ಹಿಡಿದಿದ್ದ. ತಂದದ್ದು ಇಂಗ್ಲಿಷ್ ಕಾದಂಬರಿ. ಊಟಿಗೆ ಹೋಗುವವರು ಲಾಡ್ಜಿನಲ್ಲಿ ಮರೆತ ಪುಸ್ತಕಗಳು ಹಳೇ ಪೇಪರ್ ಅಂಗಡಿಗೆ ಬರುತ್ತಿದ್ದವು. ಅಲ್ಲಿ ಸಿಕ್ಕ ಈ ಜಾತಿಯ ನಾಲ್ಕನ್ನು ನಿಘಂಟು ತೊಡೆ ಮೇಲಿಟ್ಟುಕೊಂಡು ಓದಿದ್ದ. ಇದು ಅವುಗಳಲ್ಲಿ ಚಿನ್ನ.

“ಇದು ಸೈಬರ್‌ಪಂಕ್ ಅನ್ನೋ ಥರದ್ದು,” ಅಂದ.

“ಸೈಬರ್ ಗೊತ್ತು, ಬಸ್‌ಸ್ಟ್ಯಾಂಡ್ ಎದುರ್ಗೈತೆ. ಅದ್ಯಾವುದ್ಲಾ ಪಂಕ? ಕೆಸರಾ?” ಅಂದ ಸುಧಾಕರ. ಇವನ ಸ್ಕೂಲಿನ ಜತೆಗಾರ, ಈಗ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು.

“ಹೂಂ,” ಅಂದುಬಿಟ್ಟ, ಚಾಳಿ ಬಿಡದೆ.

ಎಲ್ಲರೂ ನಕ್ಕರು. ಯೋಚಿಸಿದರೆ ತಪ್ಪೇನೂ ಇರಲಿಲ್ಲ. ಕಂಪ್ಯೂಟರು ಆಕಾಶ ಮುಟ್ಟಿ, ಮನುಷ್ಯ ಕೆಸರಲ್ಲೇ ಉಳಿದ ಕಥೆ ತಾನೆ ಇದು? ಅಷ್ಟರಿಂದಲೇ ಧೈರ್ಯ ಬಂತು. ಮುಂದೆ ಹೇಗೆ ಹೇಳಬೇಕೋ ತಿಳಿಯದೆ ಅಪ್ಪನ ದಾರಿ ಹಿಡಿದ. ಮೊದಲು ನಗರವರ್ಣನೆ. ಸೂರ್ಯನನ್ನೇ ಕಾಣದ ಊರು, ನಿಲ್ಲದ ಜಡಿಮಳೆ, ನೀರಲ್ಲಿ ಕಲಸಿಹೋದ ಬೋರ್ಡುಗಳ ಬಣ್ಣ, ಕೋಟೆಯಂಥ ಕಂಪನಿಗಳು. ಎಲ್ಲಿಂದಲೋ ದನಿಗೆ ರಾಗ ಸೇರಿಕೊಂಡಿತು. ಆಮೇಲೆ ನಾಯಕ. ಅವನೊಬ್ಬ ಕಳ್ಳ. ತಾಯಿಯ ದನಿಯ ನೆನಪನ್ನು ಕಂಪನಿಗೆ ಮಾರಿಕೊಂಡವನು. ಅದನ್ನು ಕದ್ದು ತರಲು ಕುತ್ತಿಗೆಗೆ ತಂತಿ ಚುಚ್ಚಿಕೊಂಡು, ದೇಹವನ್ನು ಲಾಡ್ಜಿನಲ್ಲಿ ಬಿಟ್ಟು, ಕಂಪ್ಯೂಟರುಗಳ ಜಾಲದೊಳಗೆ ಇಳಿಯುತ್ತಾನೆ.

“ಕುತ್ತಿಗೆಗೆ ಚಾರ್ಜರ್ರಾ?” ಅಂದ ಸುಧಾಕರ.

“ಸುಮ್ನಿರಪ್ಪ, ಪರಕಾಯ ಪ್ರವೇಶ ಅದು. ನೀವು ಹೇಳಿ ಸ್ವಾಮ್ಯೋರೆ, ಹೂಂ,” ಅಂದರು ಬೇಗೂರಿನ ಇಂಗ್ಲಿಷ್ ಟೀಚರ್ ಗಂಗಾಂಬಿಕೆ.

ಹೂಂ! ನಲವತ್ತು ವರ್ಷದಲ್ಲಿ ಅವನಿಗೆ ಒಬ್ಬರು ಹೂಂಗುಟ್ಟಿದ್ದು ಅದೇ ಮೊದಲು. ಗುರುಪಾದಸ್ವಾಮಿ ಮೈಮರೆತ. ಕಂಪನಿಯವರು ಹೊರಗಿನಿಂದ ತಂತಿ ಕತ್ತರಿಸಿದರು. ಲಾಡ್ಜಿನ ಮಂಚದ ಮೇಲೆ ದೇಹ ತಣ್ಣಗಾಗುತ್ತಾ ಬಂತು...

ಇಲ್ಲಿಗೇ ನಿಲ್ಲಿಸಬೇಕು ಅಂತ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿಕೊಂಡು ಅಭ್ಯಾಸ ಮಾಡಿದ್ದ. ‘ಮುಂದೇನಾಯ್ತು, ಓದಿ ನೋಡಿ’ ಅನ್ನುವುದು ಕೊನೇ ಮಾತು. ಬಾಯಿ ಕೇಳಬೇಕಲ್ಲ! ಸಾವು ಬಂದ ಕಡೆ ಓದು ಮುಗಿಸಬಾರದು, ಎಷ್ಟು ಹೊತ್ತಾದರೂ ಸರಿ, ಮದುವೆಗೋ ತೊಟ್ಟಿಲಿಗೋ ಮುಟ್ಟಿಸಿ ಮಂಗಳ ಹಾಡಬೇಕು ಅನ್ನುವುದು ಅಪ್ಪನ ಕಟ್ಟಪ್ಪಣೆ. ಈ ಕಾದಂಬರಿಯಲ್ಲೋ, ಮುಂದಿನ ನಲವತ್ತು ಪುಟಗಳಲ್ಲಿ ಮದುವೆಯಿಲ್ಲ, ತೊಟ್ಟಿಲಿಲ್ಲ. ಹಾಗಾಗಿ ಅವನೇ ಕಟ್ಟಿದ. ಕಂಪನಿಯ ಯಜಮಾನ ಬಂದು ಕಳ್ಳನ ಕಾಲಿಗೆ ಬಿದ್ದ, ತಾಯಿಯ ದನಿ ವಾಪಸು ಕೊಟ್ಟ, ಮಗಳನ್ನೂ ಕೊಟ್ಟ. ಮಳೆ ನಿಂತು ಬಿಸಿಲು ಬಂತು. ಗುರುಪಾದಸ್ವಾಮಿ ಕಣ್ಣುಮುಚ್ಚಿ ಮಂಗಳ ಹಾಡಿ ಕೈಮುಗಿದ. ಎದುರಿಗಿದ್ದವರೂ ಮುಗಿದರು.

ಟೀ ಬಂತು. ಪುಸ್ತಕ ಮೇಜಿನ ಮೇಲೇ ಇತ್ತು.

“ಚೆನ್ನಾಗಿತ್ತು ಸ್ವಾಮ್ಯೋರೆ. ಪೂರ್ತಿ ಕೇಳ್ದಂಗಾಯ್ತು, ಇನ್ನೇನು ಓದೋದು?” ಅಂದ ಸೋಮೇಶ.

“ಕಣ್ಣುರಿ ತಪ್ಪಿಸ್ಬುಟ್ಟೆ ಕಣ್ಲಾ,” ಅಂದ ಸುಧಾಕರ.

ಲೋಟಗಳು ಒಂದೊಂದಾಗಿ ಬರಿದಾದವು. ಬಾಯಿಬಿಟ್ಟು ಮಾತಾಡಿದ ದಿನವೇ ಕೆಡಿಸಿಕೊಂಡೆನಲ್ಲ! ಅದೂ ಸುಳ್ಳು ಹೇಳಿ, ಆ ಸುಳ್ಳಿಗೆ ಮಂಗಳ ಬೇರೆ ಹಾಡಿ. ಬಗಲಲ್ಲಿಟ್ಟುಕೊಳ್ಳೋಣ ಅಂತ ಕೈ ಚಾಚಿದವನಿಗೆ ತಡೆಯಲಾಗಲಿಲ್ಲ.

“ಮಂಗಳ ಸುಳ್ಳು,” ಅಂದ.

“ಅಂದ್ರೆ?”

“ಆ ಮದುವೆ, ಬಿಸಿಲು, ಎಲ್ಲಾ ನಾನು ಕಟ್ಟಿದ್ದು. ತಂತಿ ಕತ್ತರಿಸಿದ್ಮೇಲೆ ಪುಸ್ತಕದಲ್ಲಾಗೋದೇ ಬೇರೆ.”

ಮೂರು ಕೈ ಒಟ್ಟಿಗೇ ಮೇಜಿಗೆ ಬಿದ್ದವು. ಗಂಗಾಂಬಿಕೆಯವರದ್ದು ಮೊದಲು ಮುಟ್ಟಿತು.

“ಅವ್ನು ಸಾಯ್ತಾನಾ?” ಅಂದರು.

“ಹೂಂ.”

“ಅಯ್ಯೋ! ತಾಯಿ ದನಿ ಸಿಗೋದೇ ಇಲ್ವಾ?” ಅಂದ ಸೋಮೇಶ.

“ಹೂಂ.”

“ಸರ್ಯಾಗ್ ಬೊಗುಳ್ಲಾ, ಬದುಕ್ತಾನಾ?” ಅಂತ ಸುಧಾಕರ ಹೆಗಲು ಹಿಡಿದು ಅಲುಗಿಸಿದ.

“ಹೂಂ.”

ಗಂಗಾಂಬಿಕೆಯವರು ಪುಸ್ತಕವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಗುರುಪಾದಸ್ವಾಮಿ ಬರಿಗೈ ಬೀಸಿಕೊಂಡು ಮೆಟ್ಟಿಲಿಳಿದ.