ಡೇಟಿನ ತುದಿ

"ತಗೊಳ್ಳೋದು ಆರು ಮಾತ್ರೆ, ಅದಕ್ಕೆ ಡೇಟ್ ನೋಡೋದು ಬೇರೆ ಕೇಡು! ಇಡೀ ಶೀಟ್ ತಗೊಳ್ಳೋ ಯೋಗ್ಯತೆ ಇದ್ದಿದ್ರೆ ಈ ಮುಸುಡಿ ಇಲ್ಲಿಗ್ಯಾಕೆ ಬರ್ತಿತ್ತು?"

ಔಷಧಿ ಅಂಗಡಿಯವನು ಎದುರು ನಿಂತಿದ್ದ ಹೆಂಗಸನ್ನು ಬೈಯುತ್ತಲೇ ಕತ್ತರಿಗೆ ಕೈ ಹಾಕಿದ. ಕೂಲಿಗಳ ಆ ಗಲ್ಲಿಯಲ್ಲಿ ಅವನ ಹೆಸರೇ ಕತ್ತರಿ. ಅಲ್ಲಿ ಯಾರೂ ಔಷಧಿಯನ್ನು ಶೀಟಿನ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಇವತ್ತಿಗೆ ಎರಡು, ನಾಳೆಗೆ ಎರಡು, ಕೆಲಸ ಸಿಕ್ಕರೆ ನಾಡಿದ್ದಿಗೂ ಎರಡು. ಕತ್ತರಿ ಕತ್ತರಿಸುವುದಕ್ಕೂ ಒಂದು ಕ್ರಮವಿತ್ತು. ಮಾತ್ರೆಯ ಶೀಟಿನಲ್ಲಿ ಒಂದು ತುದಿಗೆ ಮಾತ್ರ ತಾರೀಖು ಒತ್ತಿರುತ್ತದಲ್ಲ, ಅದರ ಎದುರು ತುದಿಯಿಂದ ಅವನ ಶುರು. ತಾರೀಖಿನ ತುದಿ ಕೊನೆಯವರೆಗೂ ಅವನ ಡಬ್ಬಿಯಲ್ಲೇ ಉಳಿಯುತ್ತಿತ್ತು. ಅದನ್ನು ಅವನು ಯಾರಿಗಾದರೂ ಕೊಟ್ಟಿದ್ದನ್ನು ಕಂಡವರಿಲ್ಲ.

"ಮಗೂಗೆ ಈ ವಾರದಲ್ಲೇ ಎರಡು ಸಲ ಫಿಟ್ಸ್ ಬಂತು ಅಣ್ಣಾ. ಒಂದು ಹೊತ್ತೂ ಮಾತ್ರೆ ತಪ್ಪಿಸಿಲ್ಲ. ಡಾಕ್ಟರಮ್ಮ ಡೇಟಿರೋ ತುದಿ ತಂದು ತೋರ್ಸು ಅಂದವ್ರೆ."

"ಡೇಟಿನ ತುದಿ ನಿಂಗೆ ಕೊಟ್ಟು ಮಿಕ್ಕಿದ್ದನ್ನ ನನ್ನ ಹೆಣದ ಮೇಲೆ ಹಾಕ್ಕೊಳ್ಳಾ? ಶೀಟ್‌ಗಟ್ಲೆ ತಗೊಳ್ಳೋರೆಲ್ಲ ಫೋನ್ ಒತ್ತಿ ಮನೆಗೇ ತರಿಸ್ಕೊತಾರೆ. ನಾನು ಕೊಳ್ಳೋ ರೇಟಿಗಿಂತ ಕಮ್ಮಿಗೆ ಆ ಕಂಪನಿ ಬೋಳಿಮಕ್ಳು ಮನೆಬಾಗಿಲಿಗೆ ಮಾರ್ತಾರೆ. ನನಗೆ ಉಳಿದಿರೋದು ನೀವು ಚೂರುಪಾರು ಗಿರಾಕಿಗಳು. ನಿಮ್ಮ ಹತ್ರಾನೂ ಪ್ರಶ್ನೆ ಕೇಳಿಸ್ಕೊಂಡು ಕೂತ್ಕೊಳ್ಳಾ?"

ಆ ಬೋಳಿಮಕ್ಕಳ ಕಂಪನಿಯ ಗೋದಾಮಿನಲ್ಲೇ ಅವಳು ಡಬ್ಬ ಕಟ್ಟುವವಳು. ಗಲ್ಲಿಯವರು ಅವಳನ್ನು ಡಬ್ಬದಕ್ಕ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಅವಳ ಕೈಯಿಂದ ಸಾವಿರಾರು ಶೀಟುಗಳು ಊರಿನ ಮಹಡಿ ಮನೆಗಳಿಗೆ ಹೊರಡುತ್ತಿದ್ದವು. ಸಂಜೆಯಾದರೆ ಆರು ಮಾತ್ರೆಗೆ ಇವನ ಮುಂದೆ ಹಲ್ಲು ಗಿಂಜಬೇಕು.

ಡಬ್ಬಿಯಲ್ಲಿದ್ದದ್ದು ಮುಗಿದಿತ್ತು. ಕತ್ತರಿ ಗೊಣಗುತ್ತಾ ಬಗ್ಗಿ, ಗಲ್ಲಾದ ಕೆಳಗಿನಿಂದ ಹೊಸ ಕಟ್ಟೊಂದನ್ನು ತೆಗೆದ. ಹತ್ತು ಶೀಟು ಸೇರಿಸಿ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದರು. ಹಳದಿ ಬಟ್ಟೆ, ಅದರ ಮೇಲೆ ಸಣ್ಣ ಬಿಳಿ ಹೂವು. ಮೇಲೊಂದು ಜೋಡಿ ಗಂಟು.

ಡಬ್ಬದಕ್ಕ ಗಲ್ಲಾದ ಮೇಲೆ ಬಗ್ಗಿ ನೋಡಿದಳು. ಅದು ಅವಳ ಮಗಳ ಹಳೆಯ ಫ್ರಾಕು.

ಗೋದಾಮಿನಲ್ಲಿ ದಿನಕ್ಕೆ ಇಂತಿಷ್ಟೇ ರಬ್ಬರ್ ಬ್ಯಾಂಡು. ಅದಕ್ಕಿಂತ ಹೆಚ್ಚು ಬೇಕೆಂದರೆ ಸೂಪರ್‌ವೈಸರ್ ಸಂಬಳದಲ್ಲಿ ಹಿಡಿಯುತ್ತಿದ್ದ. ಹಾಗಾಗಿ ಅವಳು ಮಗಳಿಗೆ ಗಿಡ್ಡವಾದ ಫ್ರಾಕನ್ನು ಪಟ್ಟಿಪಟ್ಟಿಯಾಗಿ ಹರಿದು ಕೆಲಸಕ್ಕೆ ಒಯ್ಯುತ್ತಿದ್ದಳು. ಗಿರಾಕಿಗಳಿಗೆ ಹೋಗುವ ಡಬ್ಬಕ್ಕೆ ಚಿಂದಿ ಕಟ್ಟುವಂತಿಲ್ಲ, ಅಲ್ಲಿ ರಬ್ಬರೇ ಆಗಬೇಕು. ಈ ಹಳದಿ ಪಟ್ಟಿಯನ್ನು ಅವಳು ಕಟ್ಟುತ್ತಿದ್ದದ್ದು ಒಂದೇ ಒಂದು ಮಾಲಿಗೆ. ಡೇಟ್ ಬಾರ್ ಆಗಿ, ಅಂದರೆ ಅವಧಿ ಮೀರಿ, ನೀಲಿ ಕ್ರೇಟಿಗೆ ಬೀಳುವ ಮಾಲಿಗೆ. ಅದು ವಾಪಸ್ ಫ್ಯಾಕ್ಟರಿಗೆ ಹೋಗುತ್ತದೆ ಎಂದಿದ್ದರು. ಅವಳೂ ನಂಬಿದ್ದಳು.

"ಏನು ದೆವ್ವ ಬಡಿದೋಳ ಹಾಗೆ ನಿಂತಿದ್ದೀಯಾ? ಬೇಕೋ ಬೇಡ್ವೋ?"

ಬೇಡ ಎನ್ನಬೇಕು. ಆ ಶೀಟನ್ನು ಅವನ ಮುಖಕ್ಕೆ ಎಸೆಯಬೇಕು. ಆದರೆ ಇದ್ದಕ್ಕಿದ್ದಂತೆ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಬೆರಳು ತೋರಿಸಿ ಹೇಳಿದ್ದಳು. ಈ ಗಲ್ಲಿಗೆ ಇರುವುದು ಇದೊಂದೇ ಅಂಗಡಿ. ಉಳಿದ ಎರಡು ಹೋದ ವರ್ಷವೇ ಬಾಗಿಲು ಹಾಕಿದ್ದವು. ಡಬ್ಬದಕ್ಕ ಆರು ಮಾತ್ರೆ ಇಸಿದುಕೊಂಡಳು. ತನ್ನ ಮೇಲೆಯೇ ಅಸಹ್ಯ ಬಂತು.

ಮಗಳು ಬಾಗಿಲಲ್ಲೇ ಕೂತಿದ್ದಳು. ಹನ್ನೊಂದು ವರ್ಷ. ನಲ್ಲಿಯ ಹತ್ತಿರ ಬಿದ್ದಾಗ ತುಟಿ ಸೀಳಿ, ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಫಿಟ್ಸ್ ನಿಂತ ಮೇಲೆ ಕಳಿಸಿ ಎಂದು ಶಾಲೆಯವರು ಮನೆಗೆ ಅಟ್ಟಿದ್ದರು. ಅಪ್ಪ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಹಗಲು ಪಕ್ಕದ ಮನೆಯವರು ಆಗಾಗ ಇಣುಕಿ ನೋಡಬೇಕು.

ಹಿಂದಿನ ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲರೆದುರು ಗದರಿದ್ದಳು. "ಸುಳ್ಳು ಹೇಳಬೇಡ. ಮಾತ್ರೆ ಸರಿಯಾಗಿ ಕೊಟ್ಟಿದ್ರೆ ಹೀಗಾಗಲ್ಲ. ನಿಮ್ಮಂಥೋರು ದುಡ್ಡು ಉಳಿಸೋಕೆ ಹೊತ್ತು ತಪ್ಪಿಸ್ತೀರ, ಆಮೇಲೆ ಇಲ್ಲಿ ಬಂದು ಅಳ್ತೀರ. ಕೊಟ್ಟಿರೋದು ನಿಜವಾದ್ರೆ ಡೇಟಿರೋ ತುದಿ ತಂದು ತೋರ್ಸು." ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡಿದ್ದರು. ಅದರಲ್ಲಿ ಅರ್ಧಕ್ಕರ್ಧ ಕತ್ತರಿಯ ಗಿರಾಕಿಗಳೇ.

"ಅವ್ವಾ, ನನ್ನ ಫ್ರಾಕಿಂದು ಇನ್ನೂ ಪಟ್ಟಿ ಉಳಿದೈತಾ?" ಮಗಳು ಕೇಳಿದಳು. ಜೋಡಿ ಗಂಟು ಹಾಕುವುದನ್ನು ಶಾಲೆಯಲ್ಲಿ ಕಲಿತು ಅವ್ವನಿಗೆ ಹೇಳಿಕೊಟ್ಟವಳು ಅವಳೇ.

"ಮುಗೀತು ಕಂದಾ," ಎಂದಳು ಡಬ್ಬದಕ್ಕ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಕೊನೆಗೆ ಕೊಟ್ಟಳು. ಕೊಡದೆ ಇನ್ನೇನು ಮಾಡುತ್ತಾಳೆ?

ಮರುದಿನ ತಿಂಗಳ ಕೊನೆಯ ದಿನ. ಅಂದರೆ ನೀಲಿ ಕ್ರೇಟುಗಳು ಹೊರಡುವ ದಿನ. ಅವಳ ಮೇಜಿನ ಪಕ್ಕ ಹನ್ನೆರಡು ಕ್ರೇಟು ಒಂದರ ಮೇಲೊಂದು ನಿಂತಿದ್ದವು. ಎದುರು ಮೇಜಿನಲ್ಲಿ ಟೇಪಿನಜ್ಜಿ. ಇಪ್ಪತ್ತು ವರ್ಷದಿಂದ ಡಬ್ಬಗಳಿಗೆ ಟೇಪು ಅಂಟಿಸಿ ಅಂಟಿಸಿ ಬೆರಳುಗಳ ಗೆರೆಯೆಲ್ಲ ಅಳಿಸಿಹೋದವಳು.

"ಅಜ್ಜೀ, ಈ ಮಾಲು ಎಲ್ಲಿಗೆ ಹೋಗುತ್ತೆ?"

"ಫ್ಯಾಕ್ಟರಿಗೆ."

"ನಿಜ ಹೇಳು. ನಿನ್ನೆ ಕತ್ತರಿ ಅಂಗಡಿಲಿ ನನ್ನ ಗಂಟು ನೋಡ್ದೆ."

ಟೇಪಿನಜ್ಜಿ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದಳು. "ಗೊತ್ತಿತ್ತು ಕಣೇ. ಹೊಟ್ಟೆಪಾಡು, ಸುಮ್ನಿದ್ದೆ. ನಿನ್ನ ಕೂಸೂ ಅಲ್ಲೇ ತಗೊಳ್ತದೆ ಅಂತ ನಂಗೆ ಹೊಳೀಲಿಲ್ಲ."

"ನನ್ನ ಕೂಸಲ್ಲದಿದ್ರೆ ಪರವಾಗಿರ್ಲಿಲ್ವಾ?"

ಅಜ್ಜಿ ಮುಂದಿನ ಡಬ್ಬ ಎಳೆದುಕೊಂಡಳು. ಕೇಳಿದ ಮೇಲೆ ಡಬ್ಬದಕ್ಕನಿಗೂ ಚುರುಕ್ಕೆಂದಿತು. ತಾನು ಮಾತ್ರ ಇಷ್ಟು ದಿನ ಏನು ಕೇಳಿದ್ದಳು? ಡೇಟ್ ಮುಗಿದದ್ದಕ್ಕೆ ಆ ಶೀಟುಗಳ ಮೇಲೆ ಹಾಕಿದ್ದ ಕೆಂಪು ಗುರುತನ್ನು ಸ್ಪಿರಿಟ್ ಹಚ್ಚಿ ಒರೆಸಿದವಳು ಅವಳೇ ತಾನೆ. ವಾಪಸ್ ಹೋಗುವ ಮಾಲು ಯಾಕಿಷ್ಟು ಶುದ್ಧವಾಗಿರಬೇಕು ಎಂದು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಸೂಪರ್‌ವೈಸರ್ ಉದ್ದನೆಯ ರಿಜಿಸ್ಟರ್ ಹಿಡಿದು ಬಂದ. ತಿಂಗಳಿಗೊಮ್ಮೆ ಇದರಲ್ಲಿ ಸೈನು ಹಾಕುವುದು ಡಬ್ಬದಕ್ಕನ ಪಾಲಿನ ಕೆಲಸ. ಅಷ್ಟು ಜನರಲ್ಲಿ ನಿನಗೊಬ್ಬಳಿಗೇ ಸೈನು ಬರುತ್ತದೆ ಎಂದು ಅವನು ಮೊದಲ ಸಲ ಹೊಗಳಿದಾಗ ಅವಳಿಗೆ ಹೆಮ್ಮೆಯಾಗಿತ್ತು. ಮನೆಗೆ ಹೋಗಿ ಮಗಳಿಗೂ ಹೇಳಿದ್ದಳು.

"ಬೇಗ ಹಾಕು. ಸಂಜೆ ನಾಲ್ಕಕ್ಕೆ ವ್ಯಾನ್ ಬರುತ್ತೆ."

ಅವಳು ಪೆನ್ನು ಮುಟ್ಟಲಿಲ್ಲ. ಅಕ್ಷರಗಳ ಮೇಲೆ ಬೆರಳಿಟ್ಟು, ಕೂಡಿಸಿಕೊಂಡು ಓದತೊಡಗಿದಳು. ಮೇಲ್ಕಂಡ ಅವಧಿ ಮೀರಿದ ಔಷಧಿಗಳನ್ನು ನನ್ನ ಕಣ್ಣೆದುರಿನಲ್ಲೇ ಕತ್ತರಿಸಿ, ನೀರಿನಲ್ಲಿ ಕದಡಿ, ನಾಶಪಡಿಸಲಾಗಿದೆ. ಸಾಕ್ಷಿಯ ಸಹಿ. ಹಾಳೆ ತಿರುವಿದಳು. ಹಿಂದಿನ ತಿಂಗಳೂ ಅದೇ, ಅದರ ಹಿಂದಿನದೂ ಅದೇ. ಹದಿನಾಲ್ಕು ಸಲ ಅವಳದೇ ದುಂಡನೆಯ ಸೈನು.

"ಏನೇ ಅದು, ಪರೀಕ್ಷೆಗೆ ಓದ್ತಿದ್ದೀಯಾ?"

"ಸಾರ್, ನಾಶ ಮಾಡಿದೀವಿ ಅಂತ ಬರೆದೈತೆ. ಮಾಲು ಕತ್ತರಿ ಅಂಗಡಿಗೆ ಹೋಗ್ತಾ ಐತೆ. ನನ್ನ ಮಗಳು ಅದನ್ನೇ ತಿಂತವಳೆ."

ಸೂಪರ್‌ವೈಸರ್ ಆಚೀಚೆ ನೋಡಿ ದನಿ ತಗ್ಗಿಸಿದ. "ಏ ಮುಂಡೇದೇ, ಮೆಲ್ಲಗೆ. ಡೇಟ್ ಹೋದ ತಕ್ಷಣ ಮಾತ್ರೆ ವಿಷ ಆಗ್ಬಿಡುತ್ತಾ? ದೊಡ್ಡೋರ ಮನೆಗೆ ಇನ್ನೂ ಒಂದು ವರ್ಷ ಡೇಟಿರೋದೇ ಕಳಿಸ್ಬೇಕು, ಇಲ್ಲಾಂದ್ರೆ ವಾಪಸ್ ಎಸೀತಾರೆ. ಅಷ್ಟು ಅಗ್ಗಕ್ಕೆ ಬೇರೆ ಮಾರ್ಬೇಕು. ಆ ನಷ್ಟಾನ ಎಲ್ಲಿಂದ ಕೀಳೋದು, ನಿಮ್ಮಪ್ಪನ ಗಂಟಿಂದಾನಾ? ನಿಮ್ಮ ಗಲ್ಲಿಯೋರಿಗೆ ಏನೋ ಒಂದು ಸಿಗ್ತಿದೆಯಲ್ಲ, ಅದಕ್ಕೆ ಸಂತೋಷಪಡಿ."

ಅವಳು ಹಾಳೆಯ ಮೇಲಿನ ಬೆರಳು ತೆಗೆಯಲಿಲ್ಲ. ಅದಕ್ಕೆ ಅವನು ಸ್ವಲ್ಪ ಹೆದರಿದ ಹಾಗಿತ್ತು. ಕಪಾಟಿನ ಹತ್ತಿರ ಹೋಗಿ, ಎರಡು ಶೀಟು ತಂದು ಅವಳ ಮೇಜಿನ ಮೇಲೆ ಬಿಸಾಡಿದ. ಅದೇ ಮಾತ್ರೆ. ಇಡೀ ಶೀಟು, ಎರಡೂ ತುದಿ ಇದ್ದದ್ದು. ಇನ್ನೂ ಎರಡು ವರ್ಷದ ಡೇಟು.

"ಮಗಳಿಗೆ ಕೊಡು. ಪ್ರತಿ ತಿಂಗಳೂ ಕೊಡ್ತೀನಿ. ಗೇಟಲ್ಲಿ ಬಿಡೋಕೆ ಹೇಳಿರ್ತೀನಿ. ನೀನು ಸೈನ್ ಹಾಕು, ಬಾಯಿ ಮುಚ್ಕೊಂಡಿರು. ಇಲ್ಲಾಂದ್ರೆ ಕದ್ದಳು ಅಂತ ಇದೇ ಗೇಟಲ್ಲಿ ಹಿಡಿಸ್ತೀನಿ."

ಡಬ್ಬದಕ್ಕನ ಕೈ ತಾನಾಗಿ ಮುಂದೆ ಹೋಯಿತು. ಶೀಟನ್ನು ಮುಟ್ಟಿದಳು. ಮಗಳು ಶಾಲೆಗೆ ಹೋಗುವುದು ಕಣ್ಣಿಗೆ ಕಟ್ಟಿತು. ಹಾಗೆಯೇ ಆಸ್ಪತ್ರೆಯ ಸಾಲೂ ನೆನಪಾಯಿತು. ತನ್ನನ್ನೇ ನೋಡುತ್ತಿದ್ದ ಆ ಹೆಂಗಸರು, ಅವರ ತೊಡೆಯ ಮೇಲೆ ಮಲಗಿದ್ದ ಮಕ್ಕಳು. ಅವರಿಗೂ ಡಾಕ್ಟರಮ್ಮ ಸುಳ್ಳಿ ಎಂದೇ ಬೈದಿರಬೇಕು.

ಪೆನ್ನು ತೆಗೆದುಕೊಂಡು ಸೈನು ಹಾಕಿದಳು.

"ಹಾಂ, ಈಗ ಬುದ್ಧಿ ಬಂತು," ಎಂದು ಸೂಪರ್‌ವೈಸರ್ ರಿಜಿಸ್ಟರನ್ನು ಅಲ್ಲೇ ಬಿಟ್ಟು ಟೀ ಕುಡಿಯಲು ಹೋದ.

ಡಬ್ಬದಕ್ಕ ನೆಲ ಒರೆಸುವ ಬಕೆಟ್ಟಿಗೆ ನೀರು ತುಂಬಿಸಿ ತಂದಳು. ಮೇಲಿನ ಕ್ರೇಟನ್ನು ಇಳಿಸಿ ನೆಲಕ್ಕೆ ಕೂತಳು. ಡಬ್ಬದ ರಟ್ಟು ಕತ್ತರಿಸುವ ದೊಡ್ಡ ಕತ್ತರಿಯಿಂದ ಹಳದಿ ಗಂಟನ್ನು ಕತ್ತರಿಸಿದಳು. ಮೊದಲ ಶೀಟು ತೆಗೆದು, ಮಾತ್ರೆಗಳ ಸಾಲಿನ ನಟ್ಟನಡುವೆ ಕತ್ತರಿ ಆಡಿಸಿದಳು. ಮಾತ್ರೆಗಳು ಎರಡೆರಡು ಹೋಳಾಗಿ ಬಕೆಟ್ಟಿಗೆ ಉದುರಿದವು. ಎರಡನೆಯದು. ಮೂರನೆಯದು. ಕತ್ತರಿಯ ಸದ್ದಿಗೆ ಸುತ್ತಲಿನ ಮೇಜುಗಳಲ್ಲಿ ಕೈಗಳು ನಿಂತವು. ಅರ್ಧ ಕ್ರೇಟು ಮುಗಿಯುವ ಹೊತ್ತಿಗೆ ನೀರು ಕದಡಿದ ಸುಣ್ಣದಂತೆ ಬೆಳ್ಳಗಾಗಿತ್ತು.

"ಏನೇ ಮಾಡ್ತಿದ್ದೀಯಾ, ಹಲ್ಕಾ ಮುಂಡೆ!" ಸೂಪರ್‌ವೈಸರ್ ಟೀ ಲೋಟ ಹಿಡಿದೇ ಓಡಿಬಂದ. "ವ್ಯಾನ್ ಬರುತ್ತೆ! ಅವರಿಗೆ ಏನು ಕೊಡ್ಲಿ, ನಿನ್ನ ತಿಥಿ ಊಟಾನಾ?"

"ಸೈನ್ ಹಾಕಿದೀನಲ್ಲ ಸಾರ್. ಕತ್ತರಿಸಿ, ನೀರಲ್ಲಿ ಕದಡಿ. ಓದ್ಕೊಳ್ಳಿ, ಅಲ್ಲೇ ಬರೆದೈತೆ."

"ನಿಲ್ಸೇ!"

"ಹದಿನಾಲ್ಕು ತಿಂಗಳಿಂದು ಬಾಕಿ ಐತೆ ಸಾರ್."

ಅವನು ಅವಳ ರಟ್ಟೆಗೆ ಕೈ ಹಾಕಿದ. ಎದ್ದುನಿಂತ ಟೇಪಿನಜ್ಜಿ ಮಧ್ಯೆ ಬಂದಳು. ಬೈಯಲಿಲ್ಲ, ತಳ್ಳಲಿಲ್ಲ. ಅವನ ಕಾಲ ಬಳಿಯಿದ್ದ ಎರಡನೆಯ ಕ್ರೇಟನ್ನು ಎಳೆದುಕೊಂಡು ಡಬ್ಬದಕ್ಕನ ಪಕ್ಕ ಕುಕ್ಕರಿಸಿದಳು. "ನಂಗೆ ಸೈನ್ ಬರಾಕಿಲ್ಲ, ಹೆಬ್ಬೆಟ್ಟಲ್ಲಿ ಗೆರೆನೂ ಇಲ್ಲ. ಕತ್ತರಿ ಹಿಡಿಯಾಕೆ ಬತ್ತದೆ," ಎಂದಳು.

ಸೂಪರ್‌ವೈಸರ್ ಹಲ್ಲು ಕಡಿದ. ಮೇಜಿನ ಮೇಲೆ ಆ ಎರಡು ಶೀಟು ಇನ್ನೂ ಇದ್ದವು. ಅವನಿಗೆ ಅವು ಕಂಡವು, ಅವಳು ನೋಡುತ್ತಿರುವುದೂ ಕಂಡಿತು. "ಇದು ನಿನಗೆ ಬೇಡ ತಾನೆ? ಸಾಯ್ಲಿ ಬಿಡು ನಿನ್ನ ಮಗಳು," ಎಂದು ಎರಡನ್ನೂ ಬಾಚಿಕೊಂಡು ಜೇಬಿಗೆ ತುರುಕಿದ. ಸೆಕ್ಯುರಿಟಿಯವರನ್ನು ಕೂಗುತ್ತಾ ಗೇಟಿನ ಕಡೆ ಓಡಿದ.

ಡಬ್ಬದಕ್ಕನ ಕತ್ತರಿ ನಿಂತಿತು. ಮನೆಯಲ್ಲಿ ಉಳಿದಿದ್ದವು ನಾಲ್ಕು ಮಾತ್ರೆ. ಇವತ್ತು ಸಂಜೆಗೆ ಒಂದು, ನಾಳೆಗೆ ಎರಡು, ನಾಡಿದ್ದು ಬೆಳಿಗ್ಗೆಗೆ ಒಂದು. ಅದೂ ಇದೇ ಬಕೆಟ್ಟಿಗೆ ಸೇರಬೇಕಾಗಿದ್ದ ಮಾಲು.

ಗೇಟಿನ ಕಡೆಯಿಂದ ಬೂಟುಗಳ ಸದ್ದು ಬರುತ್ತಿತ್ತು. ಮೂರನೆಯ ಮೇಜಿನವಳು ಇನ್ನೊಂದು ಬಕೆಟ್ಟು ತಂದಿಟ್ಟಳು. ಡಬ್ಬದಕ್ಕ ಮುಂದಿನ ಶೀಟು ತೆಗೆದುಕೊಂಡು, ಡೇಟಿನ ತುದಿಯಿಂದಲೇ ಕತ್ತರಿಸಲು ಶುರುಮಾಡಿದಳು.