ಪಟ್ಟಿಯಿಂದ ಒಂದು ಹೆಸರು

ಮೂರು ಖಾಲಿ ಮೇಜು, ಒಂದು ಒದ್ದೆ ಬಟ್ಟೆ, ಯಾರೂ ಹೇಳದಿದ್ದರೂ ಅವಳು ದಿನಾ ಒರೆಸುತ್ತಾಳೆ, ಮೊದಲು ಬಾಸ್‌ ಮೇಜು, ಆಮೇಲೆ ಪಂಡಿತನದು, ಕೊನೆಗೆ ಗೊಣಗಪ್ಪನದು — ಅವರೆಲ್ಲ ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿ ವರ್ಷವಾಯಿತು, ಆ ಸುದ್ದಿ ಧೂಳಿಗೆ ಮಾತ್ರ ತಲುಪಿಲ್ಲ, ಅದು ತಪ್ಪದೆ ಆಫೀಸಿಗೆ ಬರುತ್ತದೆ, ಅವಳ ಹಾಗೆ. ಅಕ್ಕನ ಮನೆಯಲ್ಲಿ ಇರುವುದೇ ಒಂದೂವರೆ ಕೋಣೆ, ಆ ಅರ್ಧದಲ್ಲಿ ತೊಟ್ಟಿಲು, ಲ್ಯಾಪ್‌ಟಾಪ್ ಬಿಚ್ಚಿದರೆ ಭಾವನಿಗೆ ಕಾಲು ಚಾಚಲು ಜಾಗವಿಲ್ಲ. ಹೋಗ್ತಾ ಬಾಯಿ ತಗೊಂಡು ಹೋಗೇ, ಇವತ್ತಾದ್ರೂ ನಾಲ್ಕು ಮಾತಾಡು, ಅಂದಿದ್ದಳು ಅಕ್ಕ ಬೆಳಿಗ್ಗೆ. ಇವತ್ತು ತೀರ್ಮಾನದ ದಿನ. ನಾಲ್ಕು ಗಂಟೆಗೆ ಮೀಟಿಂಗು, ಪಟ್ಟಿ ಟೂಲೋ, ಕೋಡ್ ಟೂಲೋ, ಎರಡರಲ್ಲಿ ಒಂದು.

ಎಲ್ಲೋ ದೂರದಲ್ಲಿರುವ ಬಾಡಿಗೆ ಕಂಪ್ಯೂಟರುಗಳು, ಆಫೀಸಿನವರ ಬಾಯಲ್ಲಿ ಮಷೀನುಗಳು, ಅವಳು ಅವನ್ನು ಕಣ್ಣಾರೆ ಕಂಡಿಲ್ಲ, ಆದರೆ ಮೂರು ವರ್ಷದಿಂದ ಒಂದೊಂದನ್ನೂ ಅವಳೇ ಕೈಯಾರೆ ಹುಟ್ಟಿಸಿದ್ದು, ಪರದೆಯ ಮೇಲೆ ಫಾರಂ ತುಂಬಿ, ಚೌಕಗಳಿಗೆ ಗುರುತು ಹಾಕಿ. ಬರೀ ಫೋನ್ ಎತ್ತುವ ಕೆಲಸಕ್ಕೆ ಬಂದವಳಿಗೆ ಅದನ್ನು ಕಲಿಸಿದ್ದು ಬಾಸು, ಇದಕ್ಕೆ ಓದು ಬೇಡಮ್ಮ, ಗಮನ ಬೇಕು, ಅದು ನಿನ್ನ ಹತ್ರ ಬೇಕಾದಷ್ಟಿದೆ. ಗಮನವೂ ಒಂದು ದಿನ ಕೈಕೊಟ್ಟಿತು, ಎರಡು ತಿಂಗಳ ಹಿಂದೆ ಎಲ್ಲೋ ಒಂದು ಚೌಕ ತಪ್ಪಿತು, ಎಲ್ಲಿ ಅಂತ ಹುಡುಕಲು ಎರಡು ದಿನ ಹಿಡಿಯಿತು. ಇನ್ನು ಕೈಯಲ್ಲಿ ಮಾಡೋದು ಸಾಕು, ಎಲ್ಲ ಬರೆದಿಡೋಣ, ಬರೆದದ್ದನ್ನ ಓದಿ ಟೂಲೇ ಮಷೀನ್ ಕಟ್ಟಲಿ, ಅಂದರು ಬಾಸು. ಪಟ್ಟಿ ಟೂಲು ಅವಳಿಗೆ ಓದಲು ಬರುತ್ತದೆ, ಇಂಥದ್ದು ಬೇಕು, ಇಷ್ಟು ಬೇಕು ಅಂತ ಸಾಲಾಗಿ ಬರೆದರಾಯಿತು, ಒಂದು ತಿಂಗಳು ಮನಸ್ಸಿಟ್ಟು ಕಲಿತಳು. ಕೋಡ್ ಟೂಲು ಪ್ರೋಗ್ರಾಂ ಬರೆಯುವವರದು, ಪಂಡಿತನಂಥವರದು, ಅವಳಿಗೆ ಅದು ಬರೀ ಆವರಣ ಚಿಹ್ನೆಗಳ ಕಾಡು. ಪಟ್ಟಿ ಬಂದರೆ ಅವಳು ಉಳಿಯುತ್ತಾಳೆ. ಕೋಡ್ ಬಂದರೆ ಮತ್ತೆ ಫೋನ್ ಎತ್ತಬೇಕು, ಫೋನಾದರೂ ಎಲ್ಲಿ ಬರುತ್ತದೆ ಈಗ.

ಆದರೆ ನಿನ್ನೆ ಕಂಡದ್ದು — ಕಾಣದಿದ್ದರೆ ಚೆನ್ನಾಗಿತ್ತು — ಪ್ರಯೋಗಕ್ಕೆಂದು ಐದು ಮಷೀನುಗಳ ಹೆಸರು ಬರೆದು, ಪಟ್ಟಿಯಿಂದ ಎರಡನೆಯದನ್ನು ಅಳಿಸಿದಳು, ಅದೊಂದೇ ಹೋಗಬೇಕು ತಾನೆ, ಟೂಲು ಮಾತ್ರ ಮೂರನ್ನು ಕೆಡವಿ ಹೊಸದಾಗಿ ಕಟ್ಟುತ್ತೇನೆ, ಕೊನೆಯದನ್ನು ತೆಗೆದೇ ಬಿಡುತ್ತೇನೆ, ಹೂಂ ಅನ್ನುತ್ತೀಯಾ ಅಂತ ಕೇಳಿತು. ಅದು ಹೆಸರು ನೋಡುವುದಿಲ್ಲ, ನಂಬರು ನೋಡುತ್ತದೆ, ಕೆಳಗಿನವರೆಲ್ಲ ಒಂದೊಂದು ಮೇಲೆ ಸರಿದರೆ ಅದರ ಕಣ್ಣಿಗೆ ಎಲ್ಲರೂ ಬೇರೆಯವರು. ಅವಳಿಗೆ ಥಟ್ಟನೆ ಅರ್ಥವಾದದ್ದು ಒಂಬತ್ತನೆಯ ಕ್ಲಾಸಿನಿಂದ, ಅಮ್ಮ ಹಾಸಿಗೆ ಹಿಡಿದ ವರ್ಷ, ಸ್ಕೂಲು ಬಿಟ್ಟು ವಾರದ ಮೇಲೆ ಲೈಬ್ರರಿ ಪುಸ್ತಕ ಹಿಂತಿರುಗಿಸಲು ಹೋಗಿ ಬಾಗಿಲ ಹೊರಗೆ ನಿಂತಿದ್ದಳು, ಒಳಗೆ ಹಾಜರಿ, ಮಿಸ್ ಹದಿನೇಳು ಅಂದರು, ಅದು ಅವಳ ನಂಬರು, ಹೋದ ವಾರದವರೆಗೆ ಹದಿನೆಂಟಾಗಿದ್ದ ಹಿಂದಿನ ಬೆಂಚಿನ ಹುಡುಗಿ ಎದ್ದು ಪ್ರೆಸೆಂಟ್ ಮಿಸ್ ಅಂದಳು, ಎಷ್ಟು ಸಲೀಸಾಗಿ, ಹುಟ್ಟಿದಾಗಿನಿಂದ ತನ್ನದೇ ಅನ್ನುವ ಹಾಗೆ.

ನಾಲ್ಕಾಯಿತು. ಪರದೆಯಲ್ಲಿ ಮೂರು ಮುಖ, ಬಾಸು ಕನ್ನಡಕ ಒರೆಸುತ್ತಿದ್ದಾರೆ, ಗೊಣಗಪ್ಪ ಏನೋ ಅಗಿಯುತ್ತಿದ್ದಾನೆ, ನನ್ ಕೇಳಿದ್ರೆ ಪಟ್ಟೀನೇ ಇರ್ಲಿ, ನಮ್ ಹುಡುಗಿಗೂ ಓದೋಕೆ ಬರುತ್ತೆ, ಪಂಡಿತನ ಕೋಡಿಗೆ ಪಂಡಿತನೇ ಅರ್ಥ ಹೇಳ್ಬೇಕು, ಅವನು ರಜಾ ಹಾಕಿದ್ರೆ ನಾವು ತಲೆ ಮೇಲೆ ಕೈ ಹೊತ್ಕೋಬೇಕು. ಪಂಡಿತ ನಕ್ಕ. ಹಾಗಾದ್ರೆ ಪಟ್ಟೀನೇ ಅಂತ ಬರ್ಕೊಳ್ಳೋಣ, ನೀನೇನಂತೀಯಮ್ಮ, ಅಂದರು ಬಾಸು. ಹೂಂ ಅಂದರೆ ಮುಗಿಯಿತು, ಒಂದೇ ಅಕ್ಷರ, ಯಾರಿಗೂ ಗೊತ್ತಿಲ್ಲ, ಇನ್ನು ನೂರಾ ನಲವತ್ತು ಮಷೀನುಗಳಿವೆ, ಯಾರೋ ಒಬ್ಬರು ಯಾವತ್ತೋ ನಡುವಿನಿಂದ ಒಂದು ಹೆಸರು ಅಳಿಸುತ್ತಾರೆ, ಪ್ರೆಸೆಂಟ್ ಮಿಸ್, ಪ್ರೆಸೆಂಟ್ ಮಿಸ್ — ಸರ್, ಅದರಲ್ಲಿ ಒಂದು ತೊಂದರೆ ಇದೆ, ಅಂದಳು, ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು, ಹೇಳಿದಳು, ಐದು ಹೆಸರಿನ ಕಥೆಯನ್ನು ಪೂರ್ತಿ ಹೇಳಿದಳು. ಗೊಣಗಪ್ಪನ ಅಗಿತ ನಿಂತಿತು. ನಂಬರ್ ಬದ್ಲು ಹೆಸರಿಂದ್ಲೇ ಗುರುತಿಸೋ ಹಾಗೂ ಬರೀಬಹುದಲ್ರೀ, ಅಂದ. ಬರೀಬಹುದು, ಒಬ್ರು ಮರೆತ್ರೆ ಸಾಕಲ್ಲ, ಅಂದರು ಬಾಸು, ಭಲೇ ಹುಡುಗಿ, ದೊಡ್ಡ ಗಂಡಾಂತರ ತಪ್ಪಿಸಿದೆ, ಸರಿ, ಕೋಡ್ ಟೂಲೇ ಆಗ್ಲಿ, ಅದು ಹೇಗೂ ಹೆಸರನ್ನೇ ನೋಡುತ್ತೆ, ಪಂಡಿತ, ನಾಳೇನೇ ಶುರು ಹಚ್ಕೋ.

ಎಷ್ಟು ಬೇಗ. ಪರದೆಯಲ್ಲಿ ಬಾಸ್ ಮುಖ ಆರಿತು, ಗೊಣಗಪ್ಪನದೂ ಆರಿತು, ಉಳಿದವನು ಪಂಡಿತ, ಆಗಲೇ ಏನೋ ಟೈಪು ಮಾಡುತ್ತಿದ್ದಾನೆ, ಕಣ್ಣು ಪರದೆಯ ಬೇರೆ ಕಿಟಕಿಯಲ್ಲಿ, ಅವನ ಕನ್ನಡಕದ ಗಾಜಿನಲ್ಲಿ ಬಿಳಿ ಸಾಲುಗಳು ಮೇಲೆ ಮೇಲೆ ಓಡುತ್ತಿವೆ, ಅವಳು ಕಣ್ಣು ಕಿರಿದು ಮಾಡಿ ಓದಲು ನೋಡಿದಳು, ತಿರುಗುಮುರುಗಾದ ಸಾಲುಗಳು, ಒಂದೂ ನಿಲ್ಲುವುದಿಲ್ಲ, ಕೀಲಿಗಳ ಟಕಟಕ, ಬಿಳಿ ಸಾಲುಗಳು, ಗಾಜು, ಬಿಳಿ ಸಾಲುಗಳು —

ಸರ್, ಅದನ್ನ ನಂಗೂ ಸ್ವಲ್ಪ ಕಲಿಸಿಕೊಡ್ತೀರಾ.