ಎರಡನೇ ಒಲೆ

"ಬೇರೆ ಓಗ್ಬೇಕು ಅಂತಿದ್ರೆ ಬಾಯ್ಬುಟ್ಟು ಕೇಳ್ಬಾರ್ದಾಗಿತ್ತೇನ್ಲಾ?"

ಅಣ್ಣ ವೃಷಭೇಂದ್ರಪ್ಪ ಅಂದದ್ದು ಇಷ್ಟೇ. ಕೂಗಾಡಿದ್ದರೆ ಉದಯಕುಮಾರನಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಟೀ ಕಾಯಿಸ್ಕೊಳಕ್ಕೆ ತಂದ ಒಲೆ, ಅಣ್ಣ."

"ಊಂ. ಟೀಗೆ."

ಅಣ್ಣ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಯಳಂದೂರಿನ ಬಸ್ಸಿಗೆ ಹೊರಟ. ವಿಭಾಗಪತ್ರ ಬರೆಸುವುದು ಹೇಗೆಂದು ವಿಚಾರಿಸಿಕೊಂಡು ಬರುತ್ತಾನಂತೆ. ಅದನ್ನೂ ಹೇಳಿದ್ದು ಅತ್ತಿಗೆಗೆ, ತಮ್ಮನಿಗಲ್ಲ.

ನಿಜವಾಗಿಯೂ ಟೀಗೇ. ಮಹಡಿಯ ಕೋಣೆಯಲ್ಲಿ ಕೂತು ಅವನು ಮಾಡುವುದು ಕರ್ನಲ್‌ನ ಕೆಲಸ. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗಿನ ಯಜಮಾನ. ಒಂದು ಪ್ರೋಗ್ರಾಂ ಎರಡಾದಾಗ ಈ ಯಜಮಾನ ಅವಸರ ಮಾಡುವುದಿಲ್ಲ, ಇಬ್ಬರಿಗೂ ಮೆಮೊರಿಯ ಅದೇ ಪುಟಗಳನ್ನು ತೋರಿಸಿ ಸುಮ್ಮನಿರುತ್ತಾನೆ. ಓದುವ ತನಕ ಒಂದೇ ಸಂಸಾರ. ಒಬ್ಬರು ಒಂದಕ್ಷರ ಬರೆದರೋ, ಆ ಪುಟದ ನಕಲು ತೆಗೆದು ಬೇರೆ ಮಾಡಲೇಬೇಕು. ಆ ನಕಲೇ ದುಬಾರಿ. ಅದನ್ನು ಆದಷ್ಟು ಮುಂದೂಡುವುದು ಹೇಗೆಂದು ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ.

ಅಂಥವನು ಟೀಗಾಗಿ ಪದೇಪದೇ ಮೆಟ್ಟಿಲಿಳಿಯುವುದು ದಂಡ ಅಂದುಕೊಂಡು ಕೊಳ್ಳೇಗಾಲದಿಂದ ಕರೆಂಟ್ ಒಲೆ ತಂದು, ಹಚ್ಚಿಯೂ ಬಿಟ್ಟ. ಅವರ ಊರು ಅಗರದಲ್ಲಿ ಕೂಡಿದ ಮನೆಯೊಳಗೆ ಎರಡನೇ ಒಲೆ ಹಚ್ಚಿದರೆ ಪಾಲು ಕೇಳಿದ ಹಾಗೆ. ಎಳೆಮಕ್ಕಳಿಗೂ ಗೊತ್ತಿರುವ ಮಾತು ಇವನ ತಲೆಗೆ ಹೊಳೆಯಲಿಲ್ಲ. ಓದಿದವನ ಬುದ್ಧಿ ನೋಡಿ.

"ಒಳ್ಳೇದೇ ಆಯ್ತು ಬಿಡಿ," ಅಂದಳು ಹೆಂಡತಿ ದೀಪಶ್ರೀ. "ನೀವು ಬಾಯಿಬಿಟ್ಟು ಯಾವತ್ತು ಕೇಳ್ತಿದ್ರಿ?"

ಕೇಳಬೇಕೆಂದು ತನಗೆ ಅನ್ನಿಸಿಯೇ ಇರಲಿಲ್ಲ ಅನ್ನಲು ಹೋದ. ಅನ್ನಿಸಿರಲಿಲ್ಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮಧ್ಯಾಹ್ನ ಧೈರ್ಯ ಮಾಡಿ ಒಲೆ ಎತ್ತಿಕೊಂಡು ಇಳಿದ. ಅಣ್ಣ ಬರುವುದರೊಳಗೆ ಯಾರಿಗಾದರೂ ಕೊಟ್ಟುಬಿಡುವ ಎಣಿಕೆ. ಪಡಸಾಲೆಯಲ್ಲಿ ಅವ್ವ ವೀರಮ್ಮ ಆಗಲೇ ಪಾತ್ರೆಗಳನ್ನು ಎರಡು ಗುಡ್ಡೆ ಮಾಡಿ ಕೂತಿದ್ದಳು. ಮುದ್ದೆ ಕೋಲು ಮಾತ್ರ ಒಂದೇ ಇತ್ತು. ಅದನ್ನು ಯಾವ ಗುಡ್ಡೆಗೆ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದಳು.

"ಬುಡವ್ವ, ಒಲೆನ ಯಾರ್ಗಾದ್ರೂ ಕೊಟ್ಬುಡ್ತೀನಿ."

"ಒಲೆ ಅಚ್ಚಿದ್ದಾಗೋಯ್ತಲ್ಲ ಕಣ್ಲಾ," ಅಂದಳು, ತಲೆಯೆತ್ತದೆ.

ಒಲೆ ಹೊತ್ತುಕೊಂಡು ಮತ್ತೆ ಮೇಲಕ್ಕೆ ಹತ್ತಿದ.

ಸಂಜೆ ಕಂಪ್ಯೂಟರಿಗೆ ಸುದ್ದಿ ಬಂತು. ಕರ್ನಲ್‌ಗೆ ಅವನು ಬರೆದು ಕಳಿಸಿದ್ದ ಬದಲಾವಣೆಯನ್ನು ಅದನ್ನು ನೋಡಿಕೊಳ್ಳುವವರು ಒಪ್ಪಿದ್ದರು. ಪುಟಗಳು ಈಗ ಮೊದಲಿಗಿಂತ ಹೆಚ್ಚು ಹೊತ್ತು ಕೂಡಿಕೊಂಡೇ ಇರುತ್ತವೆ, ಬಹಳ ಸೊಗಸಾದ ಕೆಲಸ ಎಂದು ಕಾಣದ ದೇಶದ ಯಾರೋ ಹೊಗಳಿದ್ದರು. ಮನೆಯಲ್ಲಿ ಯಾರಿಗೆ ಹೇಳುವುದೆಂದು ತೋಚದೆ ಕಂಪ್ಯೂಟರ್ ಮುಚ್ಚಿಟ್ಟ.

ದೀಪಶ್ರೀ ಮಹಡಿಯಲ್ಲಿ ಆ ಒಲೆಯ ಮೇಲೇ ಉಪ್ಸಾರು ಮಾಡಿದ್ದಳು. ಕೆಳಗಿನಿಂದಲೂ ಅದೇ ಬೆಳ್ಳುಳ್ಳಿ ಖಾರದ ವಾಸನೆ. ಇಬ್ಬರು ಸೊಸೆಯರಿಗೂ ಕಲಿಸಿದವಳು ಅವ್ವನೇ.

ಕೈ ತೊಳೆಯಲು ಹೊರಗೆ ಬಂದರೆ ಅವ್ವ ತಟ್ಟೆ ಹಿಡಿದು ಮೆಟ್ಟಿಲ ನಡುವೆ ಕೂತಿದ್ದಳು. ಊಟಕ್ಕೆ ಬಾ ಅನ್ನಲು ಬಾಯಿ ತೆರೆದ; ಅಣ್ಣ ಕರೆದಾನು, ತಾನು ಕರೆದರೆ ಅದೂ ಪಾಲು ಕೇಳಿದಂತಾದೀತು ಅನ್ನಿಸಿತು. ಕೆಳಗೆ ಬಾಗಿಲಲ್ಲಿ, ಯಳಂದೂರಿನಿಂದ ಬಂದಿದ್ದ ಅಣ್ಣನೂ ಕರೆಯದೆ ನಿಂತು ಮೇಲೆ ನೋಡುತ್ತಿದ್ದ.

ಅವ್ವ ಖಾಲಿ ತಟ್ಟೆಯನ್ನು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದಳು.